ಕಣ್ಣಿಗೆ ಕಾಣದ ಹಾನಿಗೆ ಲೆಕ್ಕವುಂಟೆ?

“ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ” ಎಂಬ ಗಾದೆಯನ್ನು ಉಳಿತಾಯದ ಮಾತು ಬಂದಾಗಲೆಲ್ಲ ನಾವು ಹೇಳುತ್ತೇವೆ. ಗಳಿಕೆಗೆ ಅನ್ವಯಿಸುವ ಈ ಮಾತು ನಷ್ಟಕ್ಕೂ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಮರೆಯುತ್ತೇವೆ. ಅದರಲ್ಲೂ ನಷ್ಟ ನಮ್ಮದಾಗದೆ ಇನ್ನೊಬ್ಬರದಾದಾಗ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ, ಅದನ್ನು ನಷ್ಟವೆಂದೇ ಎಣಿಸುವುದಿಲ್ಲ.

ಹೊಲದಿಂದ ಹರಿದು ಹೋಗುವ ಮಣ್ಣಿನ ವಿಷಯದಲ್ಲಿ ಆಗಿರುವುದು ಇದೇ. ಮಣ್ಣು ಸವಕಳಿಯಿಂದ ನಮ್ಮ ಇಳುವರಿಗೆ ಆಗುವ ಹಾನಿಯ ಬಗ್ಗೆ ಸಾಕಷ್ಟು ಲೇಖನಗಳು ಬಂದಿವೆ. ಈ ಲೇಖನದಲ್ಲಿ ಅದರ ಇನ್ನೊಂದು ಮಗ್ಗುಲನ್ನು ನೋಡೋಣ. ಯಾರ ಕಣ್ಣಿಗೂ ಬೀಳದಷ್ಟು ಮಣ್ಣನ್ನು ನಮ್ಮ ಹೊಲದಿಂದ ಕೆಳಕ್ಕೆ ಬಿಟ್ಟರೆ ಅದು ತಪ್ಪೆ? ತಪ್ಪಾದರೆ ಎಷ್ಟು ತಪ್ಪು?

ಒಂದು ಮಳೆಯ ದಿನ

ನಾನು ಬೇಸಾಯ ಶಾಸ್ತ್ರವನ್ನು ಬೋಧಿಸುವವನು. ಒಡ್ಡುಗಳ ಮಹತ್ವವನ್ನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆದರೆ ರಾಣೆಬೆನ್ನೂರು ತಾಲ್ಲೂಕಿನಲ್ಲಿರುವ ನಮ್ಮ ಮನೆತನದ ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲದಲ್ಲಿ, ತಂದೆಯವರ ಕಾಲದಲ್ಲಿ ಹಾಕಿದ ಎರಡು ಒಡ್ಡುಗಳನ್ನು 2017ರಲ್ಲಿ ನಾವೇ ತೆಗೆಸಿದೆವು. ಟ್ರ್ಯಾಕ್ಟರ್ ತಿರುಗಿಸಲು ಅವು ಅಡ್ಡವಾಗುತ್ತಿದ್ದವು. ಹೊಲ ಇಳಿಜಾರಿನ ಉದ್ದಕ್ಕೆ ಉದ್ದವಾಗಿದೆ. ಹಾಗೆಯೇ ಉದ್ದಕ್ಕೆ ಹೊಡೆದರೆ ಡೀಸೆಲ್ ಉಳಿಯುತ್ತದೆ, ಒಡ್ಡಿನ ಕೆಳಗೆ ಸಿಕ್ಕಿದ್ದ ಒಂದೆರಡು ಗುಂಟೆ ಜಾಗವೂ ಬಿತ್ತನೆಗೆ ದೊರೆಯುತ್ತದೆ ಎಂದು ತಮ್ಮ ಹೇಳಿದಾಗ ನಾನು ಸುಮ್ಮನಿದ್ದೆ.

ನಮ್ಮ ಅಕ್ಕನನ್ನು ರಾಯಚೂರು ಜಿಲ್ಲೆಯ ಮಾನ್ವಿ ಕಡೆಗೆ ಕೊಟ್ಟಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ಕಾಲುವೆಯ ಕೊನೆಯಂಚಿನಲ್ಲಿ ಭಾವನವರ ಹೊಲವಿದೆ. 2022ರ ಕಾರ ಹುಣ್ಣಿಮೆಗೆ ಅವರು ನಮ್ಮ ಊರಿಗೆ ಬಂದಿದ್ದರು. ಗೋವಿನಜೋಳ ಬಿತ್ತಿ ಕೆಲವೇ ದಿನಗಳಾಗಿದ್ದವು. ಮಧ್ಯಾಹ್ನ ಒಂದು ಗಂಟೆಯ ಕಾಲ ಜೋರು ಮಳೆಯಾಯಿತು. ಮಳೆ ನಿಂತ ಮೇಲೆ ಹೊಲದ ಕಡೆ ಹೋದೆವು. ಕೆಳಗಿನ ಮೂಲೆಯಿಂದ ಕುಂಕುಮದ ಬಣ್ಣದ ನೀರು ಹಳ್ಳಕ್ಕೆ ಇಳಿಯುತ್ತಿತ್ತು.

“ಮಾಸ್ತರ, ಈ ನೀರು ಎಲ್ಲಿಗೆ ಹೋಗ್ತದ?” ಎಂದು ಭಾವನವರು ಕೇಳಿದರು.

“ಹಳ್ಳಕ್ಕ ಹೋಗಿ, ಹೊಳಿಗೆ ಸೇರತೈತ್ರಿ ಭಾವ.”

“ಹೊಳಿಯಿಂದ ಡ್ಯಾಮಿಗೆ. ನೀರು ನಮಗ ಬೇಕು, ಕಳಸ್ರಿ. ಮಣ್ಣು ಕಳಸಬ್ಯಾಡ್ರಿ” ಎಂದು ನಕ್ಕರು.

“ನಾಕು ಎಕರೆ ಹೊಲದ ಮಣ್ಣಿನಿಂದ ಡ್ಯಾಮು ತುಂಬತೈತೇನ್ರಿ?” ಎಂದು ನಾನೂ ನಕ್ಕೆ.

ನನ್ನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಾಲ್ಕು ಎಕರೆಯ ಮಣ್ಣಿನಿಂದ ತುಂಗಭದ್ರಾ ಜಲಾಶಯ ತುಂಬುವುದಿಲ್ಲ. ಆದರೆ ಸುಳ್ಳಲ್ಲದ ಆ ಮಾತಿನಲ್ಲಿ ಏನೋ ತಪ್ಪಿದೆ ಎಂದು ಅಂದು ರಾತ್ರಿ ಅನ್ನಿಸಿತು. ಕಾಗದ, ಪೆನ್ಸಿಲು ಹಿಡಿದು ಕುಳಿತೆ. ಅಂದು ಮಾಡಿದ ಲೆಕ್ಕವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಪದರ ಸವಕಳಿ ಏಕೆ ಕಾಣುವುದಿಲ್ಲ?

ಕೊರಕಲು ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಪದರ ಸವಕಳಿ ಹಾಗಲ್ಲ. ಮಳೆಯ ಹನಿ ಬರಿಯ ನೆಲಕ್ಕೆ ಅಪ್ಪಳಿಸಿದಾಗ ಮಣ್ಣಿನ ಹೆಂಟೆ ಒಡೆದು ಸೂಕ್ಷ್ಮ ಕಣಗಳು ಬಿಡಿಯಾಗುತ್ತವೆ. ಈ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗುವುದು ಕಡಿಮೆಯಾಗಿ, ಹೊಲದ ಮೇಲೆಲ್ಲ ತೆಳುವಾಗಿ ಹರಿಯುತ್ತದೆ. ಹಾಗೆ ಹರಿಯುವಾಗ ಜೇಡಿ ಮತ್ತು ಸಾವಯವ ಅಂಶವನ್ನು, ಅಂದರೆ ಮಣ್ಣಿನ ಸಾರವನ್ನೇ, ಮೊದಲು ಕೊಂಡೊಯ್ಯುತ್ತದೆ.

ಒಂದು ಹೆಕ್ಟೇರು ಹೊಲದಿಂದ ಒಂದು ಮಿಲಿಮೀಟರ್ ದಪ್ಪದ ಮಣ್ಣು ಹೋದರೆ ಅದು 10 ಘನ ಮೀಟರ್, ತೂಕದಲ್ಲಿ ಸುಮಾರು 13 ಟನ್. ಭಾರತದಲ್ಲಿ ಸವಕಳಿಯ ಸರಾಸರಿ ಪ್ರಮಾಣ ವರ್ಷಕ್ಕೆ ಹೆಕ್ಟೇರಿಗೆ 16 ಟನ್ನಿಗಿಂತ ಸ್ವಲ್ಪ ಹೆಚ್ಚು ಎಂದು 1983ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಇದರಲ್ಲಿ ಶೇಕಡ 29 ಭಾಗ ಸಮುದ್ರ ಸೇರುತ್ತದೆ, ಶೇಕಡ 10 ಭಾಗ ಜಲಾಶಯಗಳಲ್ಲಿ ನಿಲ್ಲುತ್ತದೆ, ಉಳಿದದ್ದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ ಎಂದೂ ಅವರು ಲೆಕ್ಕ ಹಾಕಿದರು.

16 ಟನ್ ಎಂದರೆ ಸುಮಾರು ಒಂದೂಕಾಲು ಮಿಲಿಮೀಟರ್. ಹಿಡಿಗಾತ್ರದ ಹೆಂಟೆಗಳಿರುವ ಉತ್ತ ಹೊಲದಲ್ಲಿ ಒಂದೂಕಾಲು ಮಿಲಿಮೀಟರನ್ನು ಯಾರ ಕಣ್ಣೂ ಗುರುತಿಸಲಾರದು. ಮೂವತ್ತು ವರ್ಷ ಒಕ್ಕಲುತನ ಮಾಡಿದವನ ಹೊಲದಿಂದ ಒಂದೂವರೆ ಅಂಗುಲ ಮಣ್ಣು ಹೋಗಿರುತ್ತದೆ. ನೇಗಿಲು ಅಷ್ಟೇ ಕೆಳಕ್ಕೆ ಇಳಿದಿರುತ್ತದೆ. ಕುಗ್ಗಿದ ಫಲವತ್ತತೆಯನ್ನು ಗೊಬ್ಬರದ ಚೀಲ ಮುಚ್ಚಿಹಾಕುತ್ತದೆ. ಹೀಗೆ ಕಳೆದುಕೊಂಡವನಿಗೇ ಕಾಣದ ಮಣ್ಣು, ಅದನ್ನು ಪಡೆದವನಿಗೆ ಹೇಗೆ ಕಾಣಬೇಕು?

ಒಂದು ಅಂಗುಲದ ಲೆಕ್ಕ

ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಲ್ಲಿಸಿದಾಗ ಜಲಾಶಯದ ಸಾಮರ್ಥ್ಯ ಸುಮಾರು 132 ಟಿ.ಎಂ.ಸಿ. ಇತ್ತು. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2.83 ಕೋಟಿ ಘನ ಮೀಟರ್.) 2016ರ ಅಳತೆಯಂತೆ ಅದು ಸುಮಾರು 105 ಟಿ.ಎಂ.ಸಿ.ಗೆ ಇಳಿದಿತ್ತು. 63 ವರ್ಷಗಳಲ್ಲಿ ಸುಮಾರು 27 ಟಿ.ಎಂ.ಸಿ. ನೀರು ನಿಲ್ಲುವ ಜಾಗವನ್ನು ಹೂಳು ಆಕ್ರಮಿಸಿದೆ.

ಇದು ಎಲ್ಲಿಂದ ಬಂತು? ಜಲಾಶಯಕ್ಕೆ ನೀರು ಹರಿಸುವ ಪ್ರದೇಶ ಸುಮಾರು 28 ಸಾವಿರ ಚದರ ಕಿಲೋಮೀಟರ್, ಅಂದರೆ 28 ಲಕ್ಷ ಹೆಕ್ಟೇರ್. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಹಾವೇರಿ ಮೊದಲಾದ ಜಿಲ್ಲೆಗಳ ಭೂಮಿ ಇದರಲ್ಲಿ ಸೇರುತ್ತದೆ. 27 ಟಿ.ಎಂ.ಸಿ. ಹೂಳೆಂದರೆ ಸುಮಾರು 76 ಕೋಟಿ ಘನ ಮೀಟರ್. ಇದನ್ನು 28 ಲಕ್ಷ ಹೆಕ್ಟೇರಿನ ಮೇಲೆ ಸಮನಾಗಿ ಹರಡಿದರೆ ಎಷ್ಟು ದಪ್ಪವಾದೀತು?

27 ಮಿಲಿಮೀಟರ್. ಒಂದು ಅಂಗುಲಕ್ಕೆ ತುಸು ಹೆಚ್ಚು, ಅಷ್ಟೆ.

ಅದೂ 63 ವರ್ಷಗಳಲ್ಲಿ. ವರ್ಷಕ್ಕೆ ಲೆಕ್ಕ ಹಾಕಿದರೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ನಾಲ್ಕೈದು ಹಾಳೆ ಕಾಗದದ ದಪ್ಪ. ಎಕರೆಗೆ ವರ್ಷಕ್ಕೆ ಒಂದೂಮುಕ್ಕಾಲು ಘನ ಮೀಟರ್. ಒಂದು ಟ್ರ್ಯಾಕ್ಟರ್ ಟ್ರೇಲರ್ ತುಂಬುವಷ್ಟೂ ಇಲ್ಲ.

ಇದು ಸರಾಸರಿ ಲೆಕ್ಕ ಎಂಬುದನ್ನು ಮರೆಯಬಾರದು. ಎಲ್ಲ ಹೂಳೂ ಹೊಲಗಳಿಂದ ಬಂದದ್ದಲ್ಲ. ನದಿಯ ದಂಡೆ, ಕಾಡಿನ ಇಳಿಜಾರು, ರಸ್ತೆ ಕಾಮಗಾರಿ, ಗಣಿಗಳ ಪಾಲೂ ಇದೆ. ಭದ್ರಾ ಜಲಾಶಯ ತನ್ನ ಮೇಲಿನ ಹೂಳಿನ ಬಹುಭಾಗವನ್ನು ತಾನೇ ಹಿಡಿದಿಡುತ್ತದೆ. ಚೆನ್ನಾಗಿ ಒಡ್ಡು ಹಾಕಿದ ಹೊಲದ ಪಾಲು ಸರಾಸರಿಗಿಂತ ಬಹಳ ಕಡಿಮೆ, ಇಳಿಜಾರಿಗೆ ಉದ್ದವಾಗಿ ಉತ್ತ ಹೊಲದ ಪಾಲು ಬಹಳ ಹೆಚ್ಚು. ಆದರೂ ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಅಷ್ಟು ದೊಡ್ಡ ಜಲಾಶಯದ ಐದನೆಯ ಒಂದು ಭಾಗವನ್ನು ತುಂಬಲು ಯಾರೂ ಕಣ್ಣಿಗೆ ಕಾಣುವಂಥ ತಪ್ಪು ಮಾಡಬೇಕಾಗಲಿಲ್ಲ.

ಇನ್ನು ಇದರ ಬೆಲೆ. ಜಲಾಶಯ ತುಂಬಿ ಕೋಡಿ ಹರಿಯುವ ವರ್ಷದಲ್ಲಿ ಈ 27 ಟಿ.ಎಂ.ಸಿ. ಜಾಗವಿದ್ದಿದ್ದರೆ ಅಷ್ಟು ನೀರು ಉಳಿಯುತ್ತಿತ್ತು. ಅದರಲ್ಲಿ ಅರ್ಧ ಕಾಲುವೆಯಲ್ಲಿ ಇಂಗಿ, ಆರಿ ಹೋಯಿತೆಂದೇ ಇಟ್ಟುಕೊಳ್ಳೋಣ. ಜೋಳಕ್ಕೆ ಬೆಳೆಯ ಅವಧಿಯಲ್ಲಿ 500 ಮಿಲಿಮೀಟರ್ ನೀರು ಎಂದು ಹಿಡಿದರೆ, ಉಳಿದ ಅರ್ಧದಲ್ಲಿ ಸುಮಾರು 1.9 ಲಕ್ಷ ಎಕರೆ ಜೋಳ ಬೆಳೆಯಬಹುದು. ಮೇಲಿನ 28 ಲಕ್ಷ ಹೆಕ್ಟೇರಿಗೆ ಇದನ್ನು ಹಂಚಿದರೆ ಎಕರೆಗೆ ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು ಬರುತ್ತದೆ.

ಅಂದರೆ ನಮ್ಮ ನಾಲ್ಕು ಎಕರೆಯ ಪಾಲು ನಾಲ್ಕು ಗುಂಟೆ ಜೋಳ. ಅದು ಡ್ಯಾಮು ತುಂಬುವಷ್ಟಲ್ಲ, ನಿಜ. ಆದರೆ ಸೊನ್ನೆಯೂ ಅಲ್ಲ.

ನಾವು ಹೇಳಿಕೊಳ್ಳುವ ಸಮಾಧಾನಗಳು

ಈ ಲೆಕ್ಕವನ್ನು ತರಬೇತಿಗಳಲ್ಲಿ ಹೇಳಿದಾಗ ರೈತರಿಂದ ಕೆಲವು ಪ್ರಶ್ನೆಗಳು ಬರುತ್ತವೆ. ಅವು ನ್ಯಾಯವಾದ ಪ್ರಶ್ನೆಗಳೇ ಆದುದರಿಂದ ಒಂದೊಂದಾಗಿ ನೋಡೋಣ.

1. “ಯಾರಿಗೂ ಗೊತ್ತಾಗದಷ್ಟು ಸಣ್ಣದಾದರೆ ಅದು ಹಾನಿಯೇ ಅಲ್ಲ.”

ಮಾರುಕಟ್ಟೆಯ ಅಂಗಳದಲ್ಲಿ ನಮ್ಮ ಕಾಳಿನ ರಾಶಿಯನ್ನು ನೆನಪಿಸಿಕೊಳ್ಳಿ. ಖರೀದಿಗೆ ಬಂದವರೆಲ್ಲ ಮಾದರಿ ನೋಡಲೆಂದು ಒಂದೊಂದು ಹಿಡಿ ಕಾಳು ತೆಗೆಯುತ್ತಾರೆ. ಒಂದು ಹಿಡಿ ಹೋದರೆ ರಾಶಿ ಕುಗ್ಗಿದ್ದು ಕಾಣುವುದಿಲ್ಲ. ಸಂಜೆ ತೂಕಕ್ಕೆ ಇಟ್ಟಾಗ ಮಾತ್ರ ತಿಳಿಯುತ್ತದೆ. ಆಗ “ಯಾರೂ ಹೆಚ್ಚು ತೆಗೆಯಲಿಲ್ಲ, ಆದುದರಿಂದ ನನ್ನ ಕಾಳು ಎಲ್ಲೂ ಹೋಗಿಲ್ಲ” ಎಂದು ಯಾವ ರೈತನೂ ಒಪ್ಪುವುದಿಲ್ಲ. ತಕ್ಕಡಿಯಲ್ಲಿ ಚೀಲಕ್ಕೆ ನೂರು ಗ್ರಾಂ ವ್ಯತ್ಯಾಸ ಮಾಡುವವನನ್ನೂ ನಾವು ಸುಮ್ಮನೆ ಬಿಡುವುದಿಲ್ಲ. ಚೀಲ ಹೊತ್ತವನ ಹೆಗಲಿಗೆ ನೂರು ಗ್ರಾಂ ತಿಳಿಯದಿದ್ದರೂ ಅದು ಮೋಸವೇ.

ಒಬ್ಬನು ನೂರು ಜನರಿಂದ ಚಿಟಿಕೆ ಚಿಟಿಕೆ ತೆಗೆದರೆ ಅವನನ್ನು ಕಳ್ಳನೆನ್ನುತ್ತೇವೆ. ನೂರು ಜನ ಒಬ್ಬನಿಂದ ಚಿಟಿಕೆ ಚಿಟಿಕೆ ತೆಗೆದರೆ ಕಳ್ಳನೇ ಇಲ್ಲ ಎನ್ನುತ್ತೇವೆ. ಕಳೆದುಕೊಂಡವನಿಗೆ ಎರಡೂ ಒಂದೇ. ನಮ್ಮ ರಾಶಿಯಿಂದ ಹೋದಾಗ ಚೆನ್ನಾಗಿ ತಿಳಿಯುವ ಈ ಲೆಕ್ಕ, ನಮ್ಮ ಹೊಲದಿಂದ ಹೋದಾಗ ಮರೆತುಹೋಗುತ್ತದೆ.

ಈ ಪ್ರಶ್ನೆ ನಮಗೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ಜೊನಾಥನ್ ಗ್ಲೋವರ್ 1975ರಲ್ಲಿ, ಡೆರೆಕ್ ಪಾರ್ಫಿಟ್ 1984ರ ತಮ್ಮ ‘ರೀಸನ್ಸ್ ಅಂಡ್ ಪರ್ಸನ್ಸ್’ ಗ್ರಂಥದಲ್ಲಿ ಇದನ್ನೇ ವಿವರವಾಗಿ ಚರ್ಚಿಸಿದ್ದಾರೆ. ಬಿಡಿಬಿಡಿಯಾಗಿ ಗಮನಕ್ಕೆ ಬಾರದ ಹಾನಿಗಳನ್ನು ಲೆಕ್ಕದಿಂದ ಬಿಡುವುದು ತಪ್ಪೆಂಬುದು ಇಬ್ಬರ ಅಭಿಪ್ರಾಯ. ಇದಕ್ಕೆ ಗ್ರಂಥದ ಆಧಾರ ಬೇಕೆಂದೇನೂ ಇಲ್ಲ. ಕೂಡುವ ಲೆಕ್ಕ ಬಂದರೆ ಸಾಕು. ಎಷ್ಟು ಸೊನ್ನೆಗಳನ್ನು ಕೂಡಿದರೂ ಸೊನ್ನೆಯೇ. ಜಲಾಶಯದಲ್ಲಿ 27 ಟಿ.ಎಂ.ಸಿ. ಹೂಳು ಇರುವುದರಿಂದ ಬಿಡಿ ಪಾಲುಗಳೆಲ್ಲ ಸೊನ್ನೆಯಾಗಿರಲು ಸಾಧ್ಯವಿಲ್ಲ. ನಮ್ಮ ಕಣ್ಣಿನ ಮಿತಿಯನ್ನು ಹಾನಿಯ ಮಿತಿಯೆಂದು ತಿಳಿಯಬಾರದು.

2. “ನಾನೊಬ್ಬ ನಿಲ್ಲಿಸಿದರೆ ಏನಾಗುತ್ತದೆ? ಉಳಿದವರು ಬಿಡುತ್ತಲೇ ಇರುತ್ತಾರೆ.”

ಉಳಿದವರು ಬಿಟ್ಟ ಮಣ್ಣು ಉಳಿದವರ ಪಾಲು. ನಾವು ನಿಲ್ಲಿಸಿದ ಮಣ್ಣು ನಮ್ಮ ಪಾಲು. ಸಹಕಾರ ಸಂಘದ ಸಾಲ ವಸೂಲಿಯಲ್ಲಿ “ಎಲ್ಲರೂ ಬಾಕಿ ಉಳಿಸಿಕೊಂಡಿದ್ದಾರೆ, ನಾನೊಬ್ಬ ಕಟ್ಟಿದರೆ ಸಂಘ ಉದ್ಧಾರವಾಗುತ್ತದೆಯೇ?” ಎಂದು ಕೇಳುವವನ ಮಾತಿನಂತೆಯೇ ಇದೂ. ಸಂಘ ಉದ್ಧಾರವಾಗದಿರಬಹುದು, ಅವನ ಸಾಲವಂತೂ ತೀರುತ್ತದೆ. ಮೇಲಾಗಿ ಮಣ್ಣಿನ ವಿಷಯದಲ್ಲಿ ಪ್ರತಿಯೊಂದು ಟ್ರೇಲರೂ ಅಷ್ಟಷ್ಟು ಜಾಗ ಹಿಡಿಯುತ್ತದೆ. ಇಷ್ಟಾದ ಮೇಲೆಯೇ ಹಾನಿ ಶುರು ಎಂಬ ಗೆರೆ ಅಲ್ಲಿಲ್ಲ. ಮೊದಲ ಬುಟ್ಟಿ ಮಣ್ಣೂ ಒಂದು ಬುಟ್ಟಿ ನೀರನ್ನು ಹೊರಗೆ ತಳ್ಳಿದೆ.

3. “ಕೊನೆಯಂಚಿಗೆ ನೀರು ಹೋಗದಿರುವುದಕ್ಕೆ ಹೂಳೊಂದೇ ಕಾರಣವೆ?”

ಖಂಡಿತ ಅಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆಂದು ಗೊತ್ತುಪಡಿಸಲಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಬತ್ತ ಹರಡಿದ್ದು ಕೊನೆಯಂಚಿನ ಕೊರತೆಗೆ ಹೂಳಿಗಿಂತ ಹತ್ತಿರದ ಕಾರಣ. ಆದರೆ ಅಲ್ಲಿಯೂ ಇದೇ ಮಾತು ಕೇಳಿಬರುತ್ತದೆ: “ನನ್ನ ಎರಡು ಎಕರೆ ಬತ್ತದಿಂದ ಕಾಲುವೆ ಬತ್ತುತ್ತದೆಯೇ?” ಹಾನಿಗೆ ಹಲವು ಕಾರಣಗಳಿದ್ದರೆ ಹೊಣೆ ಹಂಚಿಕೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಒಬ್ಬರ ಹೆಚ್ಚಿನ ತಪ್ಪು ಇನ್ನೊಬ್ಬರ ಕಡಿಮೆ ತಪ್ಪನ್ನು ತೊಳೆಯುವುದಿಲ್ಲ.

4. “ಹಾಗಾದರೆ ಉಳುವುದೇ ಪಾಪವೆ? ಉತ್ತರೆ ಮಣ್ಣು ಹೋಗಿಯೇ ಹೋಗುತ್ತದೆ.”

ಇದು ನಾಲ್ಕರಲ್ಲಿ ಕಷ್ಟದ ಪ್ರಶ್ನೆ. ಇದಕ್ಕೆ ಬೇರೆಯಾಗಿಯೇ ಉತ್ತರಿಸಬೇಕು.

ಮಿತಿ ಎಲ್ಲಿದೆ?

ಸಣ್ಣ ಹಾನಿಗೂ ತೂಕವಿದೆ ಎಂದ ಮಾತ್ರಕ್ಕೆ ಪ್ರತಿಯೊಂದು ಹೆಜ್ಜೆಗೂ ಹೆದರಬೇಕಿಲ್ಲ. ಕಾಡಿನಿಂದಲೂ ಸ್ವಲ್ಪ ಮಣ್ಣು ಹರಿಯುತ್ತದೆ. ನದಿ ಎಂದಾದರೂ ಸ್ವಲ್ಪ ಹೂಳು ತಂದೇ ತರುತ್ತದೆ. ನೆಲವು ತಾನಾಗಿ ಮತ್ತೆ ತುಂಬಿಕೊಳ್ಳಬಲ್ಲ ಮಟ್ಟದೊಳಗಿನ ನಷ್ಟವನ್ನು ಯಾರ ತಪ್ಪೆಂದೂ ಹೇಳಲಾಗದು.

ಮಣ್ಣು ವಿಜ್ಞಾನಿಗಳು ಇದಕ್ಕಾಗಿ ‘ಸಹಿಸಬಹುದಾದ ಸವಕಳಿ’ ಎಂಬ ಮಿತಿಯನ್ನು ಇಟ್ಟಿದ್ದಾರೆ. ಆಳವಾದ ಮಣ್ಣಿಗೆ ಇದು ವರ್ಷಕ್ಕೆ ಹೆಕ್ಟೇರಿಗೆ ಸುಮಾರು 11 ಟನ್. ಕಲ್ಲು ಹತ್ತಿರವಿರುವ ತೆಳು ಮಣ್ಣಿಗೆ ಅದಕ್ಕಿಂತ ಬಹಳ ಕಡಿಮೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜಲಾಶಯ ಸೇರಿದ ಅರ್ಧ ಮಿಲಿಮೀಟರಿಗಿಂತ ಕಡಿಮೆ ಮಣ್ಣನ್ನು ತೂಕಕ್ಕೆ ತಂದರೆ ಸುಮಾರು 5 ಟನ್ನಿನ ಆಸುಪಾಸು. ಇದು 11 ಟನ್ನಿನ ಮಿತಿಯ ಒಳಗೇ ಇದೆ. ಆದರೂ ಜಲಾಶಯ ತುಂಬಿತು. ಏಕೆಂದರೆ ಆ ಮಿತಿಯನ್ನು ಹೊಲದ ಒಡೆಯನ ಇಳುವರಿ ನೋಡಿ ಹಾಕಿದೆ, ಕೆಳಗಿರುವವನ ನೀರನ್ನು ನೋಡಿ ಅಲ್ಲ. ನಮಗೆ ತಡೆಯಬಲ್ಲಷ್ಟು ನಷ್ಟ, ಇನ್ನೊಬ್ಬರಿಗೆ ತಡೆಯಬಲ್ಲಷ್ಟು ಎಂದೇನೂ ಅಲ್ಲ. ಹೊಲ ನಿಧಾನವಾಗಿಯಾದರೂ ಮಣ್ಣನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಜಲಾಶಯಕ್ಕೆ ಬಂದ ಹೂಳನ್ನು ತಾನಾಗಿ ಹೊರಹಾಕುವ ಶಕ್ತಿಯಿಲ್ಲ.

ಆದುದರಿಂದ ನನ್ನ ಅಭಿಪ್ರಾಯದಲ್ಲಿ ಸಣ್ಣ ಹಾನಿಯ ತೂಕವನ್ನು ಮೂರು ಪ್ರಶ್ನೆಗಳಿಂದ ಅಳೆಯಬೇಕು.

ಅ) ಇದು ಕೂಡುತ್ತಾ ಹೋಗುವಂಥದ್ದೆ, ಅಥವಾ ತಾನಾಗಿ ಸರಿಹೋಗುವಂಥದ್ದೆ?

ಆ) ಇದೇ ಕೆಲಸವನ್ನು ಎಷ್ಟು ಜನ ಮಾಡುತ್ತಿದ್ದಾರೆ?

ಇ) ಇದನ್ನು ತಪ್ಪಿಸಲು ನಮಗೆ ತಗಲುವ ಖರ್ಚೆಷ್ಟು?

ಕೂಡುತ್ತಾ ಹೋಗುವ, ಲಕ್ಷಾಂತರ ಜನ ಮಾಡುವ, ಸ್ವಲ್ಪ ಶ್ರಮದಿಂದ ತಪ್ಪಿಸಬಹುದಾದ ಹಾನಿಯನ್ನು ಸಣ್ಣದೆಂದು ಬಿಡುವಂತಿಲ್ಲ. ನಮ್ಮ ಹೊಲದ ಒಡ್ಡು ಈ ಮೂರು ಪ್ರಶ್ನೆಗಳಲ್ಲೂ ಸೋತಿತ್ತು. ಎರಡು ಒಡ್ಡು ತೆಗೆದು ನಾವು ಗಳಿಸಿದ್ದು ಒಂದೆರಡು ಗುಂಟೆ ಜಾಗ, ಸ್ವಲ್ಪ ಡೀಸೆಲ್.

ಭಾರ ಯಾರು ಹೊರಬೇಕು?

ಇಳಿಜಾರಿನ ಸಣ್ಣ ಹಿಡುವಳಿದಾರನೇ ಎಲ್ಲ ಖರ್ಚನ್ನೂ ಹೊರಬೇಕೆನ್ನುವುದು ನ್ಯಾಯವಲ್ಲ. ಒಡ್ಡಿನಿಂದ ಮೇಲಿನವನಿಗೆ ಸ್ವಲ್ಪ ಲಾಭ, ಕೆಳಗಿನವನಿಗೆ ಹೆಚ್ಚು ಲಾಭ. ಜಲಾನಯನ ಕಾರ್ಯಕ್ರಮಗಳಲ್ಲಿ ಸರ್ಕಾರ ಒಡ್ಡಿನ ವೆಚ್ಚವನ್ನು ಕೊಡುವುದಕ್ಕೆ ಇದೇ ಆಧಾರ. ಆದರೆ ಸರ್ಕಾರ ಹಾಕಿದ ಒಡ್ಡನ್ನು ಉಳಿಸಿಕೊಳ್ಳುವುದು ಮಾತ್ರ ರೈತನ ಕೈಯಲ್ಲಿದೆ.

ಇನ್ನೊಂದು ಮಾತು. ಗುತ್ತಿಗೆ ಹಿಡಿದು ಒಂದೆರಡು ವರ್ಷಕ್ಕೆ ಶುಂಠಿ ಬೆಳೆಯುವವರು ನೀರು ಬೇಗ ಬಸಿಯಲೆಂದು ಇಳಿಜಾರಿನ ಉದ್ದಕ್ಕೆ ಮಡಿ ಮಾಡುವುದುಂಟು. ಹೊಲ ಕೊಡುವ ಒಡೆಯರು, ಮಡಿಗಳನ್ನು ಇಳಿಜಾರಿಗೆ ಓರೆಯಾಗಿ ಮಾಡಬೇಕು, ಒಡ್ಡನ್ನು ಒಡೆಯಕೂಡದು ಎಂಬ ಷರತ್ತನ್ನು ಮೊದಲೇ ಹಾಕಬೇಕು.

ಕಾಣದ್ದನ್ನು ಕಾಣುವ ವಿಧಾನ

ಒಂದು ಲೀಟರಿನ ಬಿಳಿ ಬಾಟಲಿ ತೆಗೆದುಕೊಳ್ಳಿ. ಜೋರು ಮಳೆಯಾದಾಗ ಹೊಲದ ಕೆಳಮೂಲೆಯಿಂದ ಹರಿಯುವ ನೀರನ್ನು ಅದರಲ್ಲಿ ಹಿಡಿಯಿರಿ. ಒಂದು ರಾತ್ರಿ ಅಲುಗಿಸದೆ ಇಡಿ. ಬೆಳಿಗ್ಗೆ ಮೇಲಿನ ನೀರನ್ನು ಬಸಿದು, ತಳದ ಮಣ್ಣನ್ನು ಒಣಗಿಸಿ ತೂಗಿಸಿ. ಒಂದು ಎಕರೆಯಿಂದ ಒಂದು ಅಂಗುಲ ನೀರು ಹರಿದು ಹೋದರೆ ಅದು ಸುಮಾರು ಒಂದು ಲಕ್ಷ ಲೀಟರ್. ಲೀಟರಿಗೆ 10 ಗ್ರಾಂ ಮಣ್ಣು ಸಿಕ್ಕರೆ ಎಕರೆಗೆ ಒಂದು ಟನ್ ಹೋಯಿತೆಂದು ತಿಳಿಯಬೇಕು. ಹತ್ತು ಗ್ರಾಂ ಎಂದರೆ ಒಂದೆರಡು ಚಹಾ ಚಮಚದಷ್ಟು ಮಾತ್ರ.

ಇದಲ್ಲದೆ ಹೊಲದಲ್ಲಿ ಕಲ್ಲುಗಳು ಮೇಲೆದ್ದಂತೆ ಕಾಣುವುದು, ಬದುವಿನ ಮರದ ಬೇರು ಹೊರಬೀಳುವುದು, ಇಳಿಜಾರಿನ ಮೇಲ್ಭಾಗದ ಮಣ್ಣಿನ ಬಣ್ಣ ಬಿಳಿಚಿಕೊಳ್ಳುವುದು ಪದರ ಸವಕಳಿಯ ಗುರುತುಗಳು.

ಅನುಸರಿಸಬೇಕಾದ ಕ್ರಮಗಳು

1. ಉಳುಮೆ, ಬಿತ್ತನೆ, ಎಡೆ ಹೊಡೆಯುವುದು ಎಲ್ಲವನ್ನೂ ಇಳಿಜಾರಿಗೆ ಅಡ್ಡಲಾಗಿ ಮಾಡಬೇಕು. ಇದಕ್ಕೆ ಬೇರೆ ಖರ್ಚಿಲ್ಲ. ಟ್ರ್ಯಾಕ್ಟರ್ ಹೊಡೆಯುವವನಿಗೆ ಮೊದಲೇ ಹೇಳಬೇಕು, ಅಷ್ಟೆ.

2. ಒಡೆದ ಒಡ್ಡುಗಳನ್ನು ಮುಂಗಾರಿಗೆ ಮೊದಲೇ ದುರಸ್ತಿ ಮಾಡಬೇಕು. ಕೆಂಪು ಮಣ್ಣಿನಲ್ಲಿ ಸಮಪಾತಳಿ ಒಡ್ಡು, ಕಪ್ಪು ಮಣ್ಣಿನಲ್ಲಿ ನೀರು ನಿಲ್ಲದಂತೆ ಸ್ವಲ್ಪ ಇಳಿಜಾರು ಕೊಟ್ಟ ಒಡ್ಡು ಸೂಕ್ತ. ಪ್ರತಿ ಒಡ್ಡಿಗೂ ಕಲ್ಲಿನ ಕೋಡಿ ಇರಲೇಬೇಕು. ಕೋಡಿ ಇಲ್ಲದ ಒಡ್ಡು ದೊಡ್ಡ ಮಳೆಗೆ ಒಡೆದು, ಒಡ್ಡಿಲ್ಲದಿದ್ದಾಗಿಗಿಂತ ಹೆಚ್ಚಿನ ಹಾನಿ ಮಾಡುತ್ತದೆ.

3. ಒಡ್ಡಿನ ಮೇಲೆ ಲಾವಂಚ ಅಥವಾ ಮೇವಿನ ಹುಲ್ಲು, ಗ್ಲಿರಿಸಿಡಿಯ ಬೆಳೆಸಬೇಕು. ಬೇರು ಒಡ್ಡನ್ನು ಹಿಡಿಯುತ್ತದೆ, ಸೊಪ್ಪು ಗೊಬ್ಬರಕ್ಕಾಗುತ್ತದೆ.

4. ಗೋವಿನಜೋಳವನ್ನೊಂದೇ ಬೆಳೆಯದೆ ತೊಗರಿ, ಅಲಸಂದೆಯನ್ನು ಮಿಶ್ರ ಬೆಳೆಯಾಗಿ ಹಾಕಬೇಕು. ನೆಲ ಎಷ್ಟು ಬೇಗ ಮುಚ್ಚುತ್ತದೆಯೋ ಅಷ್ಟು ಮಣ್ಣು ಉಳಿಯುತ್ತದೆ. ಬೆಳೆಯ ನಡುವೆ ಅಲ್ಲಲ್ಲಿ ದೋಣಿ ಸಾಲು ತೆಗೆಯಬೇಕು.

5. ದಂಟು, ರವದಿಯನ್ನು ಸುಡದೆ ಹೊಲದಲ್ಲೇ ಹರಡಬೇಕು.

6. ಹೊಲದ ಕೆಳಮೂಲೆಯಲ್ಲಿ ಒಂದು ಹೂಳು ಗುಂಡಿ ತೆಗೆಯಬೇಕು. ಅದರಲ್ಲಿ ನಿಂತ ಮಣ್ಣನ್ನು ಬೇಸಿಗೆಯಲ್ಲಿ ಮತ್ತೆ ಹೊಲಕ್ಕೆ ಹರಡಬಹುದು. ಎಷ್ಟು ಮಣ್ಣು ಹೋಗುತ್ತಿತ್ತು ಎಂಬುದೂ ಆಗ ಕಣ್ಣಿಗೆ ಕಾಣುತ್ತದೆ.

7. ವಿಸ್ತರಣಾ ಕಾರ್ಯಕರ್ತರು ಸರ್ವೆ ನಂಬರಿನ ಲೆಕ್ಕದಲ್ಲಿ ಯೋಚಿಸದೆ ಹಳ್ಳದ ಲೆಕ್ಕದಲ್ಲಿ ಯೋಚಿಸಬೇಕು. ಒಂದೇ ಹಳ್ಳಕ್ಕೆ ನೀರು ಬಿಡುವ ಹೊಲಗಳ ರೈತರನ್ನು ಒಟ್ಟಿಗೆ ಕೂರಿಸಿ, ಮೇಲಿನ ಹೊಲದಿಂದ ಕೆಲಸ ಆರಂಭಿಸಬೇಕು.

ಕೊನೆಯ ಸಲಹೆ ಅನುಭವದಿಂದ ಬಂದದ್ದು. 2023ರ ಬೇಸಿಗೆಯಲ್ಲಿ ನಾವು ಒಡ್ಡನ್ನು ಮತ್ತೆ ಹಾಕಲು ಹೊರಟಾಗ, ಮೇಲಿನ ಹೊಲದಿಂದ ನುಗ್ಗುವ ನೀರಿಗೆ ಅದು ನಿಲ್ಲುವುದಿಲ್ಲವೆಂದು ತಿಳಿಯಿತು. ಮೇಲಿನ ಇಬ್ಬರು ಒಪ್ಪದೆ ನಮ್ಮ ಒಡ್ಡಿಗೆ ಅರ್ಥವಿರಲಿಲ್ಲ. ಒಬ್ಬರು ಕೂಡಲೇ ಒಪ್ಪಿದರು. ಇನ್ನೊಬ್ಬರು “ನಮ್ಮ ಹೊಲದಾಗ ನೀರು ನಿಂತು ಬೆಳಿ ಕೊಳತರ ಕೊಡಾವ್ರು ಯಾರು?” ಎಂದು ಕೇಳಿದರು. ಅವರ ಭಯವೂ ನ್ಯಾಯವಾದದ್ದೇ. ಕೋಡಿ ಎಲ್ಲಿ ಬರಬೇಕೆಂದು ಅವರೇ ಜಾಗ ತೋರಿಸಿದ ಮೇಲೆ ಕೆಲಸ ನಡೆಯಿತು. ಕಾಣದ ಹಾನಿಯನ್ನು ಒಬ್ಬೊಬ್ಬರೇ ಮಾಡಬಹುದು. ತಡೆಯುವುದು ಮಾತ್ರ ಹೆಚ್ಚಾಗಿ ಕೂಡಿಯೇ ಆಗಬೇಕು. ಹಾಗೆ ಕೂಡಿಸುವ ಮೊದಲ ಮಾತನ್ನು ಯಾರಾದರೊಬ್ಬರು ಆಡಲೇಬೇಕು.

ಮುಂದಿನ ಸಲ ಬಂದಾಗ ಭಾವನವರನ್ನು ಒಡ್ಡಿನ ಮೇಲೆಯೇ ನಡೆಸಿಕೊಂಡು ಹೋದೆ. ಕೋಡಿಯ ಹತ್ತಿರ ನಿಂತು, ಹೂಳು ಗುಂಡಿಯಲ್ಲಿ ಕೂತಿದ್ದ ಮಣ್ಣನ್ನು ಕೋಲಿನಿಂದ ಅಳೆದು ನೋಡಿದರು. “ಇಷ್ಟೂ ನಮ್ಮ ಕಡಿಗೇ ಬರ್ತಿತ್ತೇನು?” ಎಂದರು. ಇದರಲ್ಲಿ ಎಷ್ಟು ಭಾಗ ಅಲ್ಲಿಯವರೆಗೆ ಹೋಗುತ್ತಿತ್ತೆಂದು ಹೇಳಲು ನನಗೆ ಸಾಧ್ಯವಿರಲಿಲ್ಲ. ಒಂದಿಷ್ಟು ಹೋಗುತ್ತಿತ್ತು ಎಂದೆ.

ರೈತ ಬಾಂಧವರು ಈ ಮುಂಗಾರಿನ ಮೊದಲ ಜೋರು ಮಳೆಗೆ ಒಂದು ಬಾಟಲಿ ಹಿಡಿದು ಹೊಲದ ಕೆಳಮೂಲೆಗೆ ಹೋಗಬೇಕೆಂದು ಕೋರಿಕೆ. ತಳದಲ್ಲಿ ನಿಂತ ಮಣ್ಣನ್ನು ನಿಮ್ಮ ಎಕರೆಗಳಿಂದ ಗುಣಿಸಿ ನೋಡಿ. ಒಡ್ಡು, ಕೋಡಿಗಳ ಬಗ್ಗೆ ಹೆಚ್ಚಿನ ವಿವರಗಳಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ.